ಕೋಳಿ ಅಂಕದ ಪ್ರಶ್ನೆಗೆ ಯಾವ ಸಚಿವರು ಉತ್ತರ ಕೊಡಬೇಕು?

ಕರಾವಳಿಯ ಶಾಸಕರೊಬ್ಬರು ವಿಧಾನಸಭೆಗೆ ಒಂದು ಪ್ರಶ್ನೆ ಕಳಿಸಿದ್ದಾರೆ ಅಂದುಕೊಳ್ಳೋಣ. ಜಾತ್ರೆ, ದೈವಗಳ ನೇಮದ ಜೊತೆ ನಡೆಯುವ ಕೋಳಿ ಅಂಕಗಳ (ಕೋಳಿ ಕಾಳಗಗಳ) ಮೇಲೆ ಪೊಲೀಸರು ದಾಳಿ ಮಾಡಿ ಕೇಸು ಹಾಕುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದಲ್ಲಿ, ಇದನ್ನು ತುಳುನಾಡಿನ ಸಂಸ್ಕೃತಿಯ ಭಾಗ ಎಂದು ಸರ್ಕಾರ ಪರಿಗಣಿಸಿದೆಯೇ? ಪರಿಗಣಿಸಿದ್ದಲ್ಲಿ, ಕೈಗೊಂಡ ಕ್ರಮಗಳೇನು?

ಈ ಪ್ರಶ್ನೆ ಯಾವ ಸಚಿವರ ಮೇಜಿಗೆ ಹೋಗಬೇಕು? ಕೇಸು ಹಾಕಿದ್ದು ಪೊಲೀಸರು, ಹಾಗಾಗಿ ಗೃಹ ಸಚಿವರಿಗೆ. ದೂರು ಇರುವುದು ಪ್ರಾಣಿಹಿಂಸೆಯ ಬಗ್ಗೆ, ಹಾಗಾಗಿ ಪಶುಸಂಗೋಪನಾ ಸಚಿವರಿಗೆ. ಊರವರ ವಾದ ಇರುವುದು ಸಂಪ್ರದಾಯದ ಬಗ್ಗೆ, ಹಾಗಾಗಿ ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ. ದೇವಸ್ಥಾನದ ಗದ್ದೆಯಲ್ಲಿ ನಡೆದಿದ್ದರೆ ಮುಜರಾಯಿಯೂ ಸೇರಿಕೊಳ್ಳುತ್ತದೆ. ಸದನದಲ್ಲಿ ಮಾತ್ರ ಒಂದು ಪ್ರಶ್ನೆಗೆ ಒಬ್ಬರೇ ಸಚಿವರು. ಅವರು ತಮ್ಮ ಪಾಲಿನ ಕಾಲು ಭಾಗಕ್ಕೆ ಸರಿಯಾಗಿಯೇ ಉತ್ತರ ಕೊಡುತ್ತಾರೆ. ಮಿಕ್ಕ ಮುಕ್ಕಾಲು "ಈ ಇಲಾಖೆಗೆ ಸಂಬಂಧಿಸಿರುವುದಿಲ್ಲ".

ಸಚಿವರು ಸುಳ್ಳು ಹೇಳುತ್ತಾರೆ ಅನ್ನೋದು ನಮ್ಮ ಸಾಮಾನ್ಯ ದೂರು. ನನಗೆ ಹಾಗೆ ಅನಿಸುವುದಿಲ್ಲ. ಲಿಖಿತ ಉತ್ತರದಲ್ಲಿ ಸುಳ್ಳು ಹೇಳಿದರೆ ಹಕ್ಕುಚ್ಯುತಿ ಆಗುತ್ತದೆ, ಅಷ್ಟು ಅಪಾಯ ಯಾರಿಗೂ ಬೇಡ. ಅದರ ಅಗತ್ಯವೂ ಇಲ್ಲ. ಸಣ್ಣಪುಟ್ಟ ಅಪರಾಧ ಮತ್ತು ಸಂಸ್ಕೃತಿ, ಈ ಎರಡು ವಿಷಯಗಳಲ್ಲಂತೂ ಪೂರ್ತಿ ನಿಜ ಹೇಳಿಕೊಂಡೇ ಉತ್ತರ ತಪ್ಪಿಸಬಹುದು. ಯಾಕೆಂದರೆ ಎರಡೂ ಇಲಾಖೆಗಳ ನಡುವಿನ ಸಂದಿಯಲ್ಲಿ ಬೀಳುವ ವಿಷಯಗಳು. ಉತ್ತರ ಸರಿಯಾಗಿ ಬಂತೋ ಇಲ್ಲವೋ ಅಂತ ಮರುದಿನ ಯಾರೂ ಕೇಳಲ್ಲ, ಪತ್ರಿಕೆಯ ಮೊದಲ ಪುಟಕ್ಕೂ ಬರಲ್ಲ.

ಉತ್ತರದ ಹಾಳೆಯನ್ನು ಒಮ್ಮೆ ಹತ್ತಿರದಿಂದ ನೋಡಿ. ಮೇಲೆ ಚುಕ್ಕೆ ಗುರುತಿನ ಪ್ರಶ್ನೆಯೋ ಚುಕ್ಕೆ ಗುರುತಿಲ್ಲದ ಪ್ರಶ್ನೆಯೋ ಅಂತ ಬರೆದಿರುತ್ತದೆ. ಚುಕ್ಕೆ ಇದ್ದರೆ ಸಚಿವರು ಎದ್ದು ನಿಂತು ಬಾಯಲ್ಲಿ ಹೇಳಬೇಕು, ಪೂರಕ ಪ್ರಶ್ನೆಗಳನ್ನು ಎದುರಿಸಬೇಕು. ಇಲ್ಲದಿದ್ದರೆ ಬರಹದಲ್ಲಿ ಕೊಟ್ಟರೆ ಮುಗಿಯಿತು. ಆಮೇಲೆ ಸದಸ್ಯರ ಹೆಸರು, ಉತ್ತರಿಸಬೇಕಾದ ದಿನಾಂಕ, ಉತ್ತರಿಸುವ ಸಚಿವರು. ಕೆಳಗೆ ಎರಡು ಕಾಲಂ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. ಪ್ರಶ್ನೆಯನ್ನು ಅ, ಆ, ಇ, ಈ ಅಂತ ತುಂಡು ಮಾಡಿರುತ್ತಾರೆ.

ಆಟ ಇರೋದೇ ಈ ತುಂಡುಗಳಲ್ಲಿ. (ಅ) ಯಾವಾಗಲೂ "ಗಮನಕ್ಕೆ ಬಂದಿದೆಯೇ" ಎಂದೇ ಇರುತ್ತದೆ. ಎದುರಿಗೆ "ಬಂದಿರುವುದಿಲ್ಲ" ಅಂತ ಬರೆದರೆ ಅಲ್ಲಿಗೆ ಮುಗಿಯಿತು. ಉಳಿದ ಎಲ್ಲದರ ಎದುರು "ಉದ್ಭವಿಸುವುದಿಲ್ಲ". "ಬಂದಿದೆ" ಅಂದರೆ ಸ್ವಲ್ಪ ಕೆಲಸ ಇದೆ. (ಆ) ಎದುರು ಒಂದೆರಡು ಕಾಯ್ದೆಯ ಹೆಸರು, ಕಲಂ ಸಂಖ್ಯೆ. (ಇ) ಎದುರು "ವಿವರಗಳನ್ನು ಅನುಬಂಧದಲ್ಲಿ ಒದಗಿಸಲಾಗಿದೆ". (ಈ) ಎದುರು "ನಿಯಮಾನುಸಾರ ಕ್ರಮ ವಹಿಸಲಾಗುತ್ತಿದೆ". ಕೆಲವೊಮ್ಮೆ ಆ, ಇ, ಈ ಮೂರನ್ನೂ ಸೇರಿಸಿ ಬಲಗಡೆ ಒಂದೇ ಪ್ಯಾರಾ ಬರೆದಿರುತ್ತಾರೆ. ಹಾಗೆ ಬರೆದಿದ್ದರೆ ಹುಷಾರಾಗಿ ಓದಬೇಕು. ಮೂರರಲ್ಲಿ ಒಂದಕ್ಕೆ ಉತ್ತರವೇ ಇರುವುದಿಲ್ಲ, ಮತ್ತು ಆ ಒಂದೇ ಸದಸ್ಯರಿಗೆ ನಿಜವಾಗಿ ಬೇಕಾಗಿದ್ದದ್ದು.

ಇದನ್ನು ಸಚಿವರು ಕೂತು ಬರೆಯುವುದಿಲ್ಲ ಅನ್ನೋದು ಎಲ್ಲರಿಗೂ ಗೊತ್ತು. "ಎಲ್‌ಎಕ್ಯೂ (ವಿಧಾನಸಭೆಯ ಪ್ರಶ್ನೆ) ಬಂದಿದೆ" ಅಂದರೆ ಸರ್ಕಾರಿ ಕಚೇರಿಯಲ್ಲಿ ಬೇರೆ ಕೆಲಸ ನಿಲ್ಲುತ್ತದೆ. ಮಾಹಿತಿ ಕೇಳಿ ಸಚಿವಾಲಯದಿಂದ ಇಲಾಖೆಯ ಮುಖ್ಯ ಕಚೇರಿಗೆ, ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ಠಾಣೆಗೆ ಪತ್ರ ಇಳಿಯುತ್ತದೆ. ಅಂಕಿಗಳು ಅದೇ ದಾರಿಯಲ್ಲಿ ಮೇಲೆ ಹತ್ತುತ್ತವೆ. ಠಾಣೆಯವರು ಎಣಿಸಿ ಕೊಡಬಹುದಾದದ್ದು ಏನು? ಎಷ್ಟು ಕೇಸು ದಾಖಲಾಯಿತು, ಎಷ್ಟು ಜನರ ಬಂಧನ, ಎಷ್ಟು ನಗದು ವಶ. ಹಾಗಾಗಿ ಮಟ್ಕಾ ಇರಲಿ, ಇಸ್ಪೀಟು ಇರಲಿ, ಕೋಳಿ ಅಂಕ ಇರಲಿ, ಅನುಬಂಧದ ಕಾಲಂಗಳು ಅವೇ. ಆ ಕೇಸುಗಳು ಕೋರ್ಟಿನಲ್ಲಿ ಏನಾದವು, ಎಷ್ಟು ಜನ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಹೊರಬಂದರು, ಅದೇ ಜಾಗದಲ್ಲಿ ಮುಂದಿನ ವರ್ಷ ಮತ್ತೆ ನಡೆಯಿತೇ ಅನ್ನುವುದಕ್ಕೆ ಕಾಲಂ ಇಲ್ಲ. ಯಾಕೆ ಇಲ್ಲ ಅಂದರೆ ಸದಸ್ಯರೇ ಕೇಳಿರುವುದಿಲ್ಲ. "ಎಷ್ಟು ಪ್ರಕರಣ ದಾಖಲಾಗಿವೆ" ಎಂದು ಕೇಳಿದ್ದಕ್ಕೆ ಎಷ್ಟು ದಾಖಲಾಗಿವೆ ಎಂದು ಹೇಳಿದ್ದಾರೆ. ತಪ್ಪೇನಿದೆ?

ಕೋಳಿ ಅಂಕಕ್ಕೇ ಬರೋಣ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ 1960ರದ್ದು. ಅದರ 11ನೇ ಕಲಂ ಪ್ರಕಾರ ಮೊದಲ ಸಲದ ತಪ್ಪಿಗೆ ದಂಡ ಎಷ್ಟು ಗೊತ್ತಾ? ಕನಿಷ್ಠ 10 ರೂಪಾಯಿ, ಗರಿಷ್ಠ 50 ರೂಪಾಯಿ. ಒಂದು ಕೇಸಿನ ಕಾಗದ, ಶಾಯಿ, ಜೀಪಿನ ಡೀಸೆಲ್ ಖರ್ಚೇ ಅದಕ್ಕಿಂತ ಜಾಸ್ತಿ. ದಂಡ ಹೆಚ್ಚಿಸುವ ಕರಡು ಮಸೂದೆಯನ್ನು ಕೇಂದ್ರ ಸರ್ಕಾರ 2022ರ ನವೆಂಬರ್‌ನಲ್ಲಿ ಜನರ ಅಭಿಪ್ರಾಯಕ್ಕೆ ಬಿಟ್ಟಿತ್ತು. ಇನ್ನು ಜೂಜಿನ ಭಾಗಕ್ಕೆ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಇದೆ.

ಈಗ ಬೆಂಗಳೂರಿನಲ್ಲಿ ಶಾಸಕರು ಕೇಳಿದರೆ ಸಿಗುವ ಉತ್ತರ: ಇದು ಕೇಂದ್ರದ ಕಾಯ್ದೆ. ಅದನ್ನೇ ದೆಹಲಿಯಲ್ಲಿ ಸಂಸದರು ಕೇಳಿದರೆ ಸಿಗುವ ಉತ್ತರ: ಸಂವಿಧಾನದ ಏಳನೇ ಅನುಸೂಚಿಯ ಪ್ರಕಾರ ಪೊಲೀಸ್ ಮತ್ತು ಸಾರ್ವಜನಿಕ ಸುವ್ಯವಸ್ಥೆ ರಾಜ್ಯದ ವಿಷಯ. ಎರಡೂ ನಿಜ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಮಾತ್ರ ಯಾರೂ ಏನೂ ಹೇಳಿಲ್ಲ ಅನ್ನೋದು ಕಾಣುತ್ತದೆ.

"ಕೇಂದ್ರದ ಕಾಯ್ದೆ" ಅನ್ನುವುದು ಅರ್ಧ ಉತ್ತರ ಅಂತ ಹೇಳೋಕೆ ನಮ್ಮಲ್ಲೇ ಗಟ್ಟಿ ಸಾಕ್ಷಿ ಇದೆ. ಅದು ಕಂಬಳ. 2014ರ ಮೇ ತಿಂಗಳಲ್ಲಿ ಜಲ್ಲಿಕಟ್ಟು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೆ ಕಂಬಳಕ್ಕೂ ಕುತ್ತು ಬಂತು. ಆಗಲೂ ಇದೇ 1960ರ ಕಾಯ್ದೆ. ಪ್ರಾಣಿಹಿಂಸೆ ತಡೆ ಕೇಂದ್ರ, ರಾಜ್ಯ ಎರಡೂ ಕಾಯ್ದೆ ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿರುವ ವಿಷಯ, ಹಾಗಾಗಿ ರಾಷ್ಟ್ರಪತಿಗಳ ಒಪ್ಪಿಗೆ ಪಡೆದು ರಾಜ್ಯ ತನ್ನ ಮಟ್ಟಿಗೆ ತಿದ್ದುಪಡಿ ಮಾಡಬಹುದು. 2017ರಲ್ಲಿ ನಮ್ಮ ವಿಧಾನಸಭೆ ಅದನ್ನೇ ಮಾಡಿತು. ಕಂಬಳ, ಹೋರಿ ಓಟ, ಎತ್ತಿನ ಗಾಡಿ ಓಟಕ್ಕೆ ವಿನಾಯಿತಿ ಕೊಟ್ಟಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತಮಿಳುನಾಡು, ಮಹಾರಾಷ್ಟ್ರದ ತಿದ್ದುಪಡಿಗಳ ಜೊತೆ ಕರ್ನಾಟಕದ್ದನ್ನೂ ಎತ್ತಿಹಿಡಿಯಿತು.

ಆ ತೀರ್ಪಿನಲ್ಲಿ ಒಂದು ಮಾತಿದೆ, ಅದರ ಮೇಲೆ ಸಾಕಷ್ಟು ಚರ್ಚೆ ಆಗಲಿಲ್ಲ. ಜಲ್ಲಿಕಟ್ಟು ತಮಿಳು ಸಂಸ್ಕೃತಿಯ ಅವಿಭಾಜ್ಯ ಅಂಗವೇ ಅನ್ನುವುದನ್ನು ತೀರ್ಮಾನಿಸಲು ಆಳವಾದ ಸಾಮಾಜಿಕ, ಸಾಂಸ್ಕೃತಿಕ ವಿಶ್ಲೇಷಣೆ ಬೇಕು, ಅದು ಕೋರ್ಟಿನ ಕೆಲಸವಲ್ಲ, ಶಾಸನಸಭೆ ಆ ಕೆಲಸ ಮಾಡಿದೆ, ಹಾಗಾಗಿ ಅದರ ಅಭಿಪ್ರಾಯವನ್ನು ನಾವು ಕದಲಿಸುವುದಿಲ್ಲ ಎಂಬರ್ಥದಲ್ಲಿ ಪೀಠ ಹೇಳಿತು. ಅಂದರೆ ಯಾವುದು ಸಂಸ್ಕೃತಿ, ಯಾವುದು ಅಪರಾಧ ಅಂತ ಗೆರೆ ಎಳೆಯುವ ಕೆಲಸ ಸದನದ್ದು ಅಂತಾಯಿತು. ಅಂಥ ಸದನದಲ್ಲಿ (ಆ) ಭಾಗಕ್ಕೆ "ಈ ಇಲಾಖೆಗೆ ಸಂಬಂಧಿಸಿರುವುದಿಲ್ಲ" ಅಂತ ಉತ್ತರ ಬಂದರೆ ಗೆರೆ ಎಳೆಯುವವರು ಯಾರು?

ಕೋಳಿ ಅಂಕ ನಡೆಯಲೇಬೇಕು ಅಂತ ನಾನು ಹೇಳುತ್ತಿಲ್ಲ. ಕೋಳಿಯ ಕಾಲಿಗೆ ಕತ್ತಿ ಕಟ್ಟಿ, ಸಾವಿರಗಟ್ಟಲೆ ಪಂಥ ಇಟ್ಟು ಆಡುವುದನ್ನು ಸಮರ್ಥಿಸೋಕೆ ನನಗಂತೂ ಆಗಲ್ಲ. 2017ರ ತಿದ್ದುಪಡಿಯಲ್ಲಿ ಅದನ್ನು ಸೇರಿಸದೆ ಬಿಟ್ಟದ್ದಕ್ಕೆ ಕಾರಣಗಳೂ ಇರಬಹುದು. ಇದ್ದರೆ ಸಚಿವರು ಅದನ್ನೇ ಬಾಯಿ ಬಿಟ್ಟು ಹೇಳಲಿ. "ಕಂಬಳ ಬೇರೆ, ಇದು ಬೇರೆ, ಇಂಥಿಂಥ ಕಾರಣಕ್ಕೆ" ಅನ್ನಲಿ. ಹಾಗೆ ಹೇಳದೆ ಬಿಟ್ಟರೆ ತೀರ್ಮಾನ ಠಾಣೆಯ ಇನ್‌ಸ್ಪೆಕ್ಟರ್ ಕೈಗೆ ಹೋಗುತ್ತದೆ. ಒಬ್ಬರು ಬಂದಾಗ ನಡೆಯುತ್ತದೆ, ಇನ್ನೊಬ್ಬರು ವರ್ಗವಾಗಿ ಬಂದಾಗ ದಾಳಿ ಆಗುತ್ತದೆ. ಸಣ್ಣ ಅಪರಾಧಗಳಲ್ಲಿ ಸರ್ಕಾರದ ನೀತಿ ಅಂದರೆ ಬಹುಪಾಲು ಇದೇ.

ಯಕ್ಷಗಾನದ ಮೈಕಿನ ಕತೆಯೂ ಹೀಗೆಯೇ, ಅಲ್ಲಿ ಇಷ್ಟು ಜಗಳವಿಲ್ಲ, ಅಷ್ಟೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಬಳಸುವ ಹಾಗಿಲ್ಲ. ಸಾಂಸ್ಕೃತಿಕ ಅಥವಾ ಧಾರ್ಮಿಕ ಹಬ್ಬಗಳಿಗೆ ರಾಜ್ಯ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ, ಅದೂ ಮಧ್ಯರಾತ್ರಿ 12ರವರೆಗೆ ಮಾತ್ರ ಸಡಿಲಿಕೆ ಕೊಡಬಹುದು. ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬೆಲ್. 2022ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಈ ನಿಯಮವನ್ನು ಕಟ್ಟುನಿಟ್ಟಾಗಿ ಜಾರಿ ಮಾಡಲು ಸುತ್ತೋಲೆ ಹೊರಡಿಸಿತು. ಅದರ ಹಿಂದಿದ್ದ ಗಲಾಟೆ ಬೇರೆಯದು, ಮಸೀದಿಗಳ ಮೈಕಿನದು, ನಿಮಗೂ ನೆನಪಿರುತ್ತದೆ. ಏಟು ಬಿದ್ದದ್ದು ಬೆಳಗಿನವರೆಗೆ ಆಡುವ ಬಯಲಾಟಕ್ಕೂ. ಅದೇ ವರ್ಷದ ತಿರುಗಾಟದಲ್ಲಿ ಕಟೀಲಿನ ಯಕ್ಷಗಾನ ಮೇಳ ಕಾಲಮಿತಿಯ ಆಟಕ್ಕೆ ಬದಲಾಯಿತು.

ಮೇಳಗಳ ತಿರುಗಾಟ ನವೆಂಬರ್ ಹೊತ್ತಿಗೆ ಶುರುವಾಗಿ ಮೇ ಕೊನೆಯ ಪತ್ತನಾಜೆಗೆ ಮುಗಿಯುತ್ತದೆ. ಹೆಚ್ಚುಕಡಿಮೆ ಆರು ತಿಂಗಳು, ದಿನವೂ ಆಟ. ಆ ಆರು ತಿಂಗಳಿಗೆ 15 ದಿನದ ವಿನಾಯಿತಿ ಎಲ್ಲಿ ಸಾಕು? ಇಲ್ಲಿ ಶಾಸಕರು "ಯಕ್ಷಗಾನಕ್ಕೆ ಧ್ವನಿವರ್ಧಕ ನಿರ್ಬಂಧದಿಂದ ತೊಂದರೆಯಾಗುತ್ತಿರುವುದು ಗಮನಕ್ಕೆ ಬಂದಿದೆಯೇ" ಎಂದು ಕೇಳಿದರೆ ಏನು ಬರುತ್ತದೆ ಅಂತ ಈಗ ನೀವೇ ಹೇಳಬಲ್ಲಿರಿ. "ಸುಪ್ರೀಂ ಕೋರ್ಟ್ ಆದೇಶದನ್ವಯ" ಅಂತ ಶುರುವಾಗಿ "ನಿಯಮಾನುಸಾರ" ಅಂತ ಮುಗಿಯುತ್ತದೆ. ಅದರ ಬದಲು ಹೀಗೆ ಕೇಳಲಿ: ಈ ವರ್ಷದ 15 ದಿನಗಳು ಯಾವುವು? ಯಾವ ಆದೇಶದಲ್ಲಿ, ಯಾವ ತಾರೀಕಿನಂದು ಅಧಿಸೂಚನೆ ಆಗಿದೆ? ಅದರಲ್ಲಿ ಬಯಲಾಟಕ್ಕೆ ಎಷ್ಟು ದಿನ? ಎಷ್ಟು ಠಾಣೆಗಳಲ್ಲಿ ಡೆಸಿಬೆಲ್ ಅಳೆಯುವ ಉಪಕರಣ ಇದೆ? ಈ ನಾಲ್ಕರಲ್ಲಿ ಒಂದಕ್ಕೂ "ನಿಯಮಾನುಸಾರ" ಅಂತ ಬರೆಯೋಕೆ ಆಗಲ್ಲ.

ಇದೇ ವಿಷಯದಲ್ಲಿ ಸದ್ದಿಲ್ಲದೆ ಇನ್ನೊಂದು ಬದಲಾವಣೆ ಆಗಿದೆ. ಶಬ್ದ ನಿಯಮಗಳ ತಾಯಿ ಕಾಯ್ದೆ 1986ರ ಪರಿಸರ ಸಂರಕ್ಷಣಾ ಕಾಯ್ದೆ. ಅದನ್ನು ಮೀರಿದರೆ ಮೊದಲು ಐದು ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶ ಇತ್ತು. 2023ರ ಜನ ವಿಶ್ವಾಸ್ ಕಾಯ್ದೆ ಜೈಲನ್ನು ತೆಗೆದು 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡ ಮಾಡಿತು. ಒಟ್ಟು 42 ಕಾಯ್ದೆಗಳ 183 ಅಂಶಗಳನ್ನು ಆ ಒಂದೇ ಕಾಯ್ದೆ ಹೀಗೆ ತಿದ್ದಿದೆ. ದಂಡ ಹಾಕುವವರು ಈಗ ನ್ಯಾಯಾಧೀಶರಲ್ಲ, ಸರ್ಕಾರ ನೇಮಿಸುವ ಅಧಿಕಾರಿ. ಅಂದರೆ ಕೋರ್ಟಿನ ದಾಖಲೆಯಲ್ಲಿ ಕಾಣುತ್ತಿದ್ದ ವಿಷಯ ಇಲಾಖೆಯ ಕಡತಕ್ಕೆ ಹೋಯಿತು. ಕಡತದಲ್ಲಿ ಏನಿದೆ ಅಂತ ಜನರಿಗೆ ತಿಳಿಯುವ ದೊಡ್ಡ ದಾರಿ ಸದನದ ಪ್ರಶ್ನೆಯೇ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಸಮುದಾಯ ಸೇವೆ ಅನ್ನುವ ಹೊಸ ಶಿಕ್ಷೆ ಇದೆ. ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿನ ಮೊದಲ ಕಳ್ಳತನ, ಕುಡಿದು ಬೀದಿಯಲ್ಲಿ ರಂಪ ಮಾಡುವುದು, ಮಾನನಷ್ಟ ಇಂಥ ಕೆಲವು ತಪ್ಪುಗಳಿಗೆ. ಯಾರಿಗೆ ಕೊಟ್ಟರು, ಎಲ್ಲಿ ಮಾಡಿಸಿದರು, ಕಸ ಗುಡಿಸಿದರೋ ಗಿಡ ನೆಟ್ಟರೋ, ಮೇಲ್ವಿಚಾರಣೆ ಯಾರದು? ನಮ್ಮ ಶಾಸಕರು ಇದನ್ನೆಲ್ಲ ಹಿಂಜಿ ಹಿಂಜಿ ಕೇಳಬೇಕಾದ ಕಾಲ ಇದು.

ಲೋಕಸಭೆಯಲ್ಲಿ ಪ್ರಶ್ನೆ ಕೇಳುವುದೂ ಸುಲಭವಲ್ಲ ಅನ್ನಿ. ದಿನಕ್ಕೆ 20 ಚುಕ್ಕೆ ಪ್ರಶ್ನೆ, 230 ಚುಕ್ಕೆ ಇಲ್ಲದವು. ಕನಿಷ್ಠ 15 ದಿನ ಮೊದಲು ನೋಟಿಸ್ ಕೊಡಬೇಕು, ಆಮೇಲೆ ಲಾಟರಿ. ಪ್ರಶ್ನೆ 150 ಪದ ಮೀರಬಾರದು, ಅಭಿಪ್ರಾಯ ಕೇಳಬಾರದು, ಕೋರ್ಟಿನಲ್ಲಿರುವ ವಿಷಯ ಎತ್ತಬಾರದು, ಕ್ಷುಲ್ಲಕವಾಗಿರಬಾರದು. ಸಂಸ್ಕೃತಿಯ ಪ್ರಶ್ನೆ ಇಲ್ಲೇ ಎಡವುವುದು. "ಇದು ಸಂಸ್ಕೃತಿಯೇ" ಎಂದರೆ ಅಭಿಪ್ರಾಯ ಕೇಳಿದ ಹಾಗೆ. ಸಣ್ಣ ಅಪರಾಧದ ಪ್ರಶ್ನೆ ಎತ್ತಿದರೆ ಕ್ಷುಲ್ಲಕ ಅನ್ನಿಸಿಕೊಳ್ಳುವ ಭಯ. ಚುಕ್ಕೆ ಪ್ರಶ್ನೆಯಲ್ಲಿ ಇಪ್ಪತ್ತು ಪಟ್ಟಿಯಲ್ಲಿದ್ದರೂ ಗದ್ದಲ ಇಲ್ಲದ ದಿನ ಬಾಯಲ್ಲಿ ಉತ್ತರ ಸಿಗುವುದು ನಾಲ್ಕೈದಕ್ಕೆ. ಗದ್ದಲ ಇದ್ದ ದಿನ ಯಾವುದಕ್ಕೂ ಇಲ್ಲ.

ಆದರೂ ನೆಟ್ಟಗೆ ಕೇಳಿದ ಒಂದು ಪ್ರಶ್ನೆ ಏನು ಮಾಡಬಲ್ಲದು ಅನ್ನುವುದಕ್ಕೆ ಉದಾಹರಣೆ ಇದೆ. ಶಾಸ್ತ್ರೀಯ ಭಾಷೆಗಳಿಗೆ ಮೂರು ವರ್ಷದಲ್ಲಿ ಎಷ್ಟು ಖರ್ಚು ಮಾಡಿದ್ದೀರಿ, ವರ್ಷವಾರು, ಭಾಷಾವಾರು ಹೇಳಿ ಅಂತ ಕೆಲವು ಸಂಸದರು ಕೇಳಿದ್ದರು. 2020ರ ಫೆಬ್ರವರಿಯಲ್ಲಿ ಸಂಸ್ಕೃತಿ ಸಚಿವಾಲಯ ಲೋಕಸಭೆಗೆ ಲಿಖಿತ ಉತ್ತರ ಕೊಟ್ಟಿತು. ಆಗ ಸಚಿವರಾಗಿದ್ದವರು ಪ್ರಹ್ಲಾದ್ ಸಿಂಗ್ ಪಟೇಲ್. ಸಂಸ್ಕೃತಕ್ಕೆ ಮೂರು ವರ್ಷದಲ್ಲಿ 643.84 ಕೋಟಿ. ತಮಿಳು, ತೆಲುಗು, ಕನ್ನಡ, ಮಲಯಾಳಂ, ಒಡಿಯಾ ಐದೂ ಸೇರಿ ಸುಮಾರು 29 ಕೋಟಿ. ಅದರಲ್ಲಿ ಕನ್ನಡದ ಪಾಲು 2017-18ರಲ್ಲಿ 1 ಕೋಟಿ, ಮರುವರ್ಷ 99 ಲಕ್ಷ, ಅದರ ಮರುವರ್ಷ 1.07 ಕೋಟಿ. ಮಲಯಾಳಂ, ಒಡಿಯಾಗೆ ಸೊನ್ನೆ. "ಕನ್ನಡಕ್ಕೆ ಅನ್ಯಾಯ ಆಗುತ್ತಿರುವುದು ಗಮನಕ್ಕೆ ಬಂದಿದೆಯೇ" ಅಂತ ಕೇಳಿದ್ದರೆ "ಎಲ್ಲ ಭಾಷೆಗಳ ಅಭಿವೃದ್ಧಿಗೆ ಸರ್ಕಾರ ಬದ್ಧ" ಅಂತ ಬರುತ್ತಿತ್ತು, ಅಲ್ವಾ? ಅಂಕಿ ಕೇಳಿದ್ದಕ್ಕೆ ಅಂಕಿ ಬಂತು. ಇವತ್ತಿಗೂ ಭಾಷೆಯ ಜಗಳ ಎದ್ದಾಗಲೆಲ್ಲ ಜನ ಹುಡುಕಿ ತೆಗೆಯುವುದು ಆ ಹಾಳೆಯನ್ನೇ.

ಅಂಕಿಯನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಸಂಸ್ಕೃತದ ಲೆಕ್ಕ ಅಂದರೆ ರಾಷ್ಟ್ರೀಯ ಸಂಸ್ಕೃತ ಸಂಸ್ಥಾನದಂಥ (ಈಗ ಅದು ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯ) ಇಡೀ ಸಂಸ್ಥೆಗಳನ್ನು ನಡೆಸುವ ಖರ್ಚು. ಅದಕ್ಕೆ ನಮ್ಮ ಶೃಂಗೇರಿಯಲ್ಲೂ ಒಂದು ಕ್ಯಾಂಪಸ್ ಇದೆ. ಕನ್ನಡದ ಲೆಕ್ಕ ಅಂದರೆ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಆಶ್ರಯದ ಒಂದು ಉತ್ಕೃಷ್ಟ ಅಧ್ಯಯನ ಕೇಂದ್ರ. ಎರಡನ್ನೂ ಹಾಗೆಯೇ ತೂಗಿದರೆ ಪೂರ್ತಿ ನ್ಯಾಯವಲ್ಲ. ಆದರೆ ಅಂಥ ವಿಶ್ವವಿದ್ಯಾಲಯ ಒಂದು ಭಾಷೆಗೇ ಯಾಕೆ, ಮಿಕ್ಕವಕ್ಕೆ ಯಾಕಿಲ್ಲ ಅನ್ನುವ ಮುಂದಿನ ಪ್ರಶ್ನೆ ಹುಟ್ಟುವುದೂ ಅಲ್ಲಿಂದಲೇ. ಆ ಪ್ರಶ್ನೆಯನ್ನು ನಮ್ಮ ಸಂಸದರು ಎಷ್ಟು ಬೆನ್ನು ಹತ್ತಿದರು ಅನ್ನೋದು ಬೇರೆ ಮಾತು.

ಅಪರಾಧ ಮತ್ತು ಸಂಸ್ಕೃತಿ ಒಂದೇ ಕಡೆ ಸೇರುವ ಇನ್ನೊಂದು ಜಾಗ ಸ್ಮಾರಕಗಳು. ಕೇಂದ್ರ ಸಂರಕ್ಷಿತ ಸ್ಮಾರಕವನ್ನು ಹಾಳು ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಅಂತ 2010ರ ತಿದ್ದುಪಡಿ ಹೇಳುತ್ತದೆ. ಹಂಪಿಯ ಕಂಬ ಉರುಳಿಸಿದ ಹುಡುಗರ ವಿಡಿಯೊ 2019ರಲ್ಲಿ ಎಲ್ಲರ ಮೊಬೈಲ್‌ನಲ್ಲೂ ಓಡಾಡಿತ್ತು. ಕೋರ್ಟ್ ತಲಾ 70 ಸಾವಿರ ರೂಪಾಯಿ ದಂಡ ಹಾಕಿ, ಅವರ ಕೈಯಿಂದಲೇ ಕಂಬ ಎತ್ತಿ ನಿಲ್ಲಿಸಿತು. ವಿಡಿಯೊ ಇತ್ತು, ಸಿಕ್ಕಿಬಿದ್ದರು. ವಿಡಿಯೊ ಇಲ್ಲದ ಕಡೆ ಏನಾಗುತ್ತದೆ? 92 ಸ್ಮಾರಕಗಳು ಪತ್ತೆಯಿಲ್ಲ ಎಂದು ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ 2013ರಲ್ಲಿ ಹೇಳಿತ್ತು. ಹುಡುಕಾಟದ ನಂತರ, 2022ರ ಡಿಸೆಂಬರ್ ಹೊತ್ತಿಗೆ ಸಂಸ್ಕೃತಿ ಸಚಿವಾಲಯ ಸಂಸದೀಯ ಸ್ಥಾಯಿ ಸಮಿತಿಯ ಮುಂದೆ ಒಪ್ಪಿಕೊಂಡ ಲೆಕ್ಕ 50. ಅದರಲ್ಲಿ 14 ನಗರ ಬೆಳೆದು ನುಂಗಿದವು, 12 ಅಣೆಕಟ್ಟಿನ ನೀರಲ್ಲಿ ಮುಳುಗಿದವು, 24 ಎಲ್ಲಿವೆ ಅಂತಲೇ ಗೊತ್ತಿಲ್ಲ. ಇಷ್ಟು ವಿವರ ಹೊರಬಂದದ್ದು ಪ್ರಶ್ನೋತ್ತರದ ಒಂದು ಸಾಲಿನಿಂದಲ್ಲ, ಸಮಿತಿ ಅಧಿಕಾರಿಗಳನ್ನು ಎದುರಿಗೆ ಕೂರಿಸಿಕೊಂಡು ಮತ್ತೆ ಮತ್ತೆ ಕೇಳಿದ್ದರಿಂದ. ಕಾವಲುಗಾರರು ಎಷ್ಟು ಕಡೆ ಇದ್ದಾರೆ ಅಂತಲೂ ಸಮಿತಿ ಕೇಳಿತ್ತು. 3,693 ಸ್ಮಾರಕಗಳಲ್ಲಿ 248 ಕಡೆ ಮಾತ್ರ.

ಅಂಗಡಿ ನಾಮಫಲಕದ ವಿಷಯ ನೋಡಿ. 2023ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಪ್ರತಿಭಟನೆ, ಇಂಗ್ಲಿಷ್ ಫಲಕಗಳಿಗೆ ಏಟು, ಬಂಧನ. 2024ರ ಫೆಬ್ರವರಿಯಲ್ಲಿ ಶೇ 60 ಕನ್ನಡ ಇರಬೇಕು ಅನ್ನುವ ತಿದ್ದುಪಡಿಗೆ ವಿಧಾನಸಭೆಯ ಒಪ್ಪಿಗೆ. ಈಗ ಫಲಕ ಅಳೆಯುವವರು ಯಾರು? ಸಂಸ್ಕೃತಿ ಇಲಾಖೆಗೆ ಕಾಯ್ದೆ ಇದೆ, ಅಂಗಡಿಗೆ ಪರವಾನಗಿ ಕೊಡುವುದು ಪಾಲಿಕೆ, ಕಲ್ಲು ಹೊಡೆದವರ ಮೇಲಿನ ಕೇಸು ಗೃಹ ಇಲಾಖೆಯದು. ಮತ್ತೆ ಅದೇ ಸಂದಿ.

ಹಾಗಾದರೆ ಸಚಿವರನ್ನು ಹಿಡಿದು ನಿಲ್ಲಿಸುವ ದಾರಿ ಇಲ್ಲವೇ? ಇದೆ. ಸದನದಲ್ಲಿ ಸಚಿವರು "ಪರಿಶೀಲಿಸುತ್ತೇವೆ", "ಮಾಹಿತಿ ಸಂಗ್ರಹಿಸಿ ಸದನದ ಮುಂದಿಡುತ್ತೇವೆ" ಅಂದರೆ ಅದು ಲೆಕ್ಕಕ್ಕೆ ಬರುವ ಭರವಸೆ. ಅಂಥ ಮಾತುಗಳನ್ನು ಆರಿಸಿ ಪಟ್ಟಿ ಮಾಡಿ ಬೆನ್ನುಹತ್ತೋಕೆ ಸರ್ಕಾರಿ ಭರವಸೆಗಳ ಸಮಿತಿ ಅಂತಲೇ ಇದೆ. ಲೋಕಸಭೆಯಲ್ಲಿ ಅದು 1953ರಿಂದ ಇದೆ, ನಮ್ಮ ವಿಧಾನಮಂಡಲದಲ್ಲೂ ಇದೆ. ಸಂಸತ್ತಿನಲ್ಲಿ ಮೂರು ತಿಂಗಳೊಳಗೆ ಭರವಸೆ ಈಡೇರಿಸಬೇಕು. ಆಗದಿದ್ದರೆ ಸಚಿವಾಲಯ ಸಮಿತಿಗೆ ಬರೆದು ಕಾಲಾವಕಾಶ ಕೇಳಬೇಕು, ಇಲ್ಲವೇ ಭರವಸೆಯನ್ನೇ ಕೈಬಿಡಲು ಒಪ್ಪಿಗೆ ಕೇಳಬೇಕು. ಅದಕ್ಕೇ ಇರಬೇಕು, ಪಳಗಿದ ಅಧಿಕಾರಿಗಳು ಕರಡು ಬರೆಯುವಾಗ "ಪರಿಶೀಲಿಸಲಾಗುವುದು" ಅನ್ನುವುದನ್ನು ತಪ್ಪಿಸಿ "ಕ್ರಮ ವಹಿಸಲಾಗುತ್ತಿದೆ" ಅಂತ ಬರೆಯುತ್ತಾರೆ. ಮೊದಲನೆಯದನ್ನು ಸಮಿತಿ ಹಿಡಿಯಬಹುದು. ಎರಡನೆಯದರಲ್ಲಿ ಹಿಡಿಯೋಕೆ ಏನೂ ಇಲ್ಲ. ಪೂರಕ ಪ್ರಶ್ನೆಗೆ ಎದ್ದು ನಿಂತ ಶಾಸಕರು "ವಹಿಸಲಾಗುತ್ತಿರುವ ಕ್ರಮ ಯಾವುದು, ಯಾವ ತಾರೀಕಿನ ಆದೇಶ" ಎಂದು ಕೇಳಿ ಕೂತರೆ ಸಚಿವರು ಹಿಂದಿನ ಸಾಲಿನ ಅಧಿಕಾರಿಗಳ ಕಡೆ ತಿರುಗಬೇಕಾಗುತ್ತದೆ. ಅಲ್ಲಿಂದ ಚೀಟಿ ಬಾರದಿದ್ದರೆ "ಮಾಹಿತಿ ತರಿಸಿ ಕೊಡುತ್ತೇನೆ" ಅನ್ನಲೇಬೇಕು. ಅಷ್ಟು ಹೇಳಿದರೆ ಅದು ಸಮಿತಿಯ ಪಟ್ಟಿಗೆ ಸೇರುತ್ತದೆ.